ಥೂ ಮೇಸ್ತ್ರಿಯೂ ಟೊಳ್ಳು ಗೋಡೆಯೂ

ಬೇರೆಯವರ ಮನೆಗೆ ಹೋದಾಗ ಜನ ಬಾಗಿಲು ತಟ್ಟುತ್ತಾರೆ. ಥೂ ಮೇಸ್ತ್ರಿ ಒಳಗೆ ಬಂದ ಮೇಲೆ ಗೋಡೆ ತಟ್ಟುತ್ತಿದ್ದ. ಬಲಗೈ ನಡುಬೆರಳಿನ ಗೆಣ್ಣು ಮಡಚಿ, ಕಿವಿಯನ್ನು ಗೋಡೆಗೆ ಆನಿಸಿ, ಟಕ್ ಟಕ್. ಆ ಗೆಣ್ಣಿನ ಪ್ರತಾಪ ಬಾಯಿಂದ ಬಾಯಿಗೆ ಬೆಳೆದು ಆಕಾಶ ಮುಟ್ಟಿತ್ತು. ಯಾವುದೋ ಕಚೇರಿಯ ಗೋಡೆ ತಟ್ಟಿ, "ಇದರೊಳಗೆ ಇಲಿಯೊಂದು ಬಾಣಂತನಕ್ಕೆ ಬಂದಿದೆ" ಎಂದನಂತೆ. ಒಡೆದು ನೋಡಿದರೆ ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲವಂತೆ. ಮದುವೆ ಮಾತಿಗೆಂದು ಹೋದ ದಿನ ಹುಡುಗಿಯ ಮುಖ ನೋಡುವ ಮೊದಲು ಗೋಡೆ ತಟ್ಟಿ, "ಗಟ್ಟಿ ಇಟ್ಟಿಗೆ, ಸಂಬಂಧ ಆಗಬಹುದು" ಎಂದನೆಂದು ಅವನ ಹೆಂಡತಿಯೇ ಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಮೇಸ್ತ್ರಿ ಎಂದರೆ ಗೋಡೆ ಕಟ್ಟುವವನಲ್ಲ, ಬೇರೆಯವರು ಕಟ್ಟಿದ ಗೋಡೆಗೆ ಕಪಾಟು, ಕನ್ನಡಿ, ಗೀಸರು, ಟಿವಿ ತೂಗುಹಾಕುವವನು. ಇಟ್ಟಿಗೆ ಗೋಡೆ ಕಂಡರೆ ಹೆತ್ತ ತಾಯಿ ಕಂಡಷ್ಟು ಸಂತೋಷ. ಜಿಪ್ಸಮ್ ಬೋರ್ಡಿನ ಗೋಡೆ ಕಂಡರೆ ಮಾತ್ರ ಆಗುತ್ತಿರಲಿಲ್ಲ. ತೆಳು ತಗಡಿನ ಚಾನೆಲ್‌ಗಳನ್ನು ಸಾಲಾಗಿ ನಿಲ್ಲಿಸುವುದು, ಎರಡೂ ಕಡೆ ಬಿಳಿ ಬೋರ್ಡು ಹೊದಿಸುವುದು, ನಡುವೆ ಗಾಳಿ ತುಂಬಿಕೊಳ್ಳುವುದು, ಆಮೇಲೆ ಅದಕ್ಕೆ ಗೋಡೆ ಎಂಬ ಮರ್ಯಾದಸ್ತ ಹೆಸರಿಡುವುದು! "ಥೂ, ಇದು ಗೋಡೆಯಲ್ಲ, ಎದ್ದು ನಿಂತ ಬಿಸ್ಕತ್ತು" ಎನ್ನುತ್ತಿದ್ದ. ಆ ಥೂ ಅವನ ಹೆಸರಿಗೆ ಅಂಟಿಕೊಂಡಿತು. ಹೆತ್ತವರಿಟ್ಟ ಹೆಸರು ರೇಷನ್ ಕಾರ್ಡಿನಲ್ಲೇ ಉಳಿಯಿತು.

ಇಂಥವನಿಗೆ ಬಾಮೈದನ ಫ್ಲಾಟಿನಿಂದಲೇ ಕರೆ ಬಂತು. ಅತ್ತೆ ಬಚ್ಚಲ ಬಾಗಿಲ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಆಗಿ ಅಂದು ಸಂಜೆ ಮನೆಗೆ ಬರುವವರಿದ್ದರು. ಇನ್ನೊಂದು ಸಲ ಬಿದ್ದರೆ ಮತ್ತೆ ನಡೆಯುವ ಆಸೆ ಬಿಡಿ ಎಂದಿದ್ದರು ಡಾಕ್ಟರು. ಅತ್ತೆಯೋ, ಕೋಲು ಹಿಡಿಯುವವರಲ್ಲ, ಯಾರ ಕೈಯನ್ನೂ ಹಿಡಿಯುವವರಲ್ಲ. "ಗೋಡೆ ಹಿಡ್ಕೊಂಡು ಹೋಗ್ತೀನಿ, ನಿಮ್ಮ ಉಪಕಾರ ಬೇಡ" ಎನ್ನುವ ಜಾತಿ. ಆದ್ದರಿಂದ ಆ ಮೆಟ್ಟಿಲ ಪಕ್ಕ ಒಂದು ಸ್ಟೀಲ್ ಕಂಬಿ ಕೂರಬೇಕಿತ್ತು. ಅತ್ತೆಯ ದೇಹವೂ ಸಾಮಾನ್ಯದ್ದಲ್ಲ. ಅವರು ಕೂತೆದ್ದ ಕುರ್ಚಿಗಳು ಆಮೇಲೆ ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳುತ್ತಿದ್ದವು.

ಮೇಸ್ತ್ರಿ ಗೋಡೆಗೆ ಕಿವಿಯಿಟ್ಟ. ಟಕ್ ಟಕ್. ಮುಖ ಹುಳಿ ಹಿಂಡಿದ ಹಾಗಾಯಿತು.

"ಥೂ! ಇಲ್ಲೂ ಇದೇನಾ?"

"ನಾನೇ ಹಾಕಿದ್ದು ಭಾವ," ಎಂದ ಬಾಮೈದ ಎದೆಯುಬ್ಬಿಸಿ. "ದೊಡ್ಡ ಹಾಲನ್ನ ಎರಡು ಮಾಡಿದೆ. ವಿಡಿಯೋ ನೋಡ್ಕೊಂಡು ಕಲಿತೆ. ವಾಲ್‌ಪೇಪರ್ ನೋಡಿ, ಹಂಸಗಳು."

"ಹಂಸ ನಿಮ್ಮಮ್ಮನ್ನ ಎತ್ತಿ ನಿಲ್ಲಿಸುತ್ತೇನೋ?"

ಬೋರ್ಡಿನ ಗೋಡೆಯಲ್ಲಿ ಭಾರ ಹೊರುವುದು ಹಿಂದಿನ ಚಾನೆಲ್ ಒಂದೇ, ಉಳಿದದ್ದೆಲ್ಲ ವೇಷ. ಚಾನೆಲ್ ಕಣ್ಣಿಗೆ ಕಾಣದು. ಆದರೆ ಬೋರ್ಡನ್ನು ಅದಕ್ಕೆ ಬಿಗಿದ ಸ್ಕ್ರೂಗಳಿರುತ್ತವಲ್ಲ! ಮೇಸ್ತ್ರಿ ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ದಿವ್ಯಾಸ್ತ್ರ ಹೊರತೆಗೆದವನ ಗತ್ತಿನಲ್ಲಿ ಗೋಡೆಯ ಮೇಲೆ ಆಡಿಸಿದ. ಹಂಸವೊಂದರ ಕೊಕ್ಕಿನ ಬಳಿ ಅದು ಟಪ್ ಎಂದು ಅಂಟಿತು. ಅದರ ನೇರಕ್ಕೆ ಮೇಲೆ ಇನ್ನೊಂದು, ಕೆಳಗೆ ಮತ್ತೊಂದು.

"ಸಿಕ್ಕಿದ ಕಳ್ಳ," ಎಂದ ಮೇಸ್ತ್ರಿ. "ನೋಡ್ಕೋ. ಗೋಡೆಗೆ ನನ್ನ ಹತ್ರ ಏನೂ ಬಚ್ಚಿಡೋಕೆ ಆಗಲ್ಲ."

ಡ್ರಿಲ್ ಗುಂಯ್ ಎಂದಿತು. ಬಿಳಿ ಹಿಟ್ಟು ಉದುರಿತು, ಸ್ಕ್ರೂ ಕೂತಿತು, ಕಂಬಿ ಬಿಗಿಯಾಯಿತು. ಅಷ್ಟರಲ್ಲಿ ಹೆಂಡತಿಯ ಫೋನು: "ಆಸ್ಪತ್ರೆ ಬಿಟ್ವಿ. ಕಂಬಿ ಆಯ್ತೇನ್ರೀ?"

"ಆನೆ ಕಟ್ಟಬಹುದು," ಎಂದ ಮೇಸ್ತ್ರಿ.

ಬಾಮೈದ ಮೆಟ್ಟಿಲ ಮೇಲೆ ಬಗ್ಗಿ ಬಚ್ಚಲ ಚಪ್ಪಲಿ ಹಾಕಿಕೊಳ್ಳಲು ಸುಮ್ಮನೆ ಕಂಬಿಗೆ ಕೈಯಿಟ್ಟ. ಪರ್ ಎಂಬ ಸದ್ದಾಯಿತು. ಕಂಬಿ, ಸ್ಕ್ರೂ, ಅಂಗೈಯಗಲ ಬೋರ್ಡು, ಹಂಸದ ಅರ್ಧ ತಲೆ, ಎಲ್ಲ ಅವನ ಕೈಯಲ್ಲಿ.



ಮೇಸ್ತ್ರಿ ತೂತಿಗೆ ಬೆರಳು ತೂರಿಸಿದ. ಹಿಂದೆ ಏನೂ ಇರಲಿಲ್ಲ. ಬರೀ ಗಾಳಿ. ಅಯಸ್ಕಾಂತ ಹಿಡಿದುಕೊಟ್ಟ ಸ್ಕ್ರೂಗಳ ತುದಿಗಳು ಕತ್ತಲಲ್ಲಿ ಹಲ್ಲು ಕಿರಿಯುತ್ತಿದ್ದವು. ಚಾನೆಲ್ ಎರಡು ಬೆರಳು ಆಚೆ, ನನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ನಿಂತಿತ್ತು.

"ಏನೋ ಇದು?"

ಬಾಮೈದ ತಲೆ ಕೆರೆದುಕೊಂಡ. "ಆ ಸ್ಕ್ರೂ ಸಾಲು ಚಾನೆಲ್‌ಗೆ ಸಿಗಲಿಲ್ಲ ಭಾವ. ಬೋರ್ಡು ಹೇಗೂ ನಿಂತ್ಕೊಂಡಿತ್ತು. ಅಂಚಿಗೆ ಗಮ್ ಬೇರೆ ಹಾಕಿದ್ದೆ. ಸ್ಕ್ರೂ ಕೀಳೋದು ಯಾಕೆ ಅಂತ ಮೇಲೆ ಹಂಸ ಅಂಟಿಸಿಬಿಟ್ಟೆ."

"ಥೂ ನಿನ್ನ!" ಎಂದ ಮೇಸ್ತ್ರಿ. ಆಮೇಲೆ ನೆಲದ ಮೇಲಿನ ಹಿಟ್ಟು ನೋಡಿದ. ಡ್ರಿಲ್ ಚಾನೆಲ್ ಕೊರೆದಿದ್ದರೆ ಹಿಟ್ಟಿನ ಜೊತೆ ತಗಡಿನ ಹೊಳೆಯುವ ಚೂರು ಬರಬೇಕಿತ್ತು. ಬಂದದ್ದು ಅಪ್ಪಟ ಬಿಳಿ. ಕಣ್ಣೆದುರೇ ಉದುರಿದರೂ ನೋಡದೆ ಆನೆಯ ಮಾತಾಡಿದ್ದ. ಈ ಕಂಬಿಯನ್ನು ಅತ್ತೆ ಹಿಡಿದಿದ್ದರೆ? ತನ್ನ ಜಗತ್ಪ್ರಸಿದ್ಧ ಗೆಣ್ಣನ್ನು ಎತ್ತಿ ಹಿಡಿದು ಅದಕ್ಕೂ ಒಂದು "ಥೂ" ಎಂದ.

"ಗರಗಸ ತಾ. ಪ್ಲೈವುಡ್ ತುಂಡು ಇದ್ರೆ ಅದನ್ನೂ ತಾ, ದಪ್ಪದ್ದು."

"ಭಾವ, ಹಂಸಗಳು—"

"ನಿಮ್ಮಮ್ಮ ಬೇಕೋ, ಹಂಸ ಬೇಕೋ?"

ಬಾಮೈದ ಉತ್ತರಿಸಲು ಅಗತ್ಯಕ್ಕಿಂತ ಕೊಂಚ ಹೆಚ್ಚೇ ಹೊತ್ತು ತೆಗೆದುಕೊಂಡ. ಅಷ್ಟರಲ್ಲಿ ಗರಗಸ ಮೊದಲ ಹಂಸದ ಕುತ್ತಿಗೆ ದಾಟಿತ್ತು. ಒಂದು ಚಾನೆಲ್‌ನಿಂದ ಪಕ್ಕದ ಚಾನೆಲ್‌ವರೆಗೆ ಬೋರ್ಡು ಕತ್ತರಿಸಿ, ಒಳಗೆ ಕೈ ಹಾಕಿ, ಎರಡನ್ನೂ ಕೈಯಾರೆ ಮುಟ್ಟಿ ನೋಡಿದ. ಇನ್ನು ಕಿವಿಯನ್ನೂ ನಂಬುವಂತಿಲ್ಲ, ಅಯಸ್ಕಾಂತವನ್ನೂ ನಂಬುವಂತಿಲ್ಲ. ಅವೆರಡರ ಮೇಲೆ ಪ್ಲೈವುಡ್ ಅಡ್ಡ ಹಾಕಿ ಸ್ಕ್ರೂ ಬಿಗಿದ. ಈ ಸಲ ಡ್ರಿಲ್ಲಿನ ತುದಿಯಲ್ಲಿ ತಗಡು ಸುರುಳಿ ಸುರುಳಿಯಾಗಿ ಹೊಳೆಯುತ್ತ ಬಂತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಕಂಬಿಯನ್ನು ಆ ಹಲಗೆಗೇ ಕೂರಿಸಿದ. ಗೋಡೆ ಈಗ ಹರಿದ ಅಂಗಿಗೆ ತೇಪೆ ಹಾಕಿದಂತಿತ್ತು.

ಅದನ್ನೂ ನಂಬಲಿಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಮಂಡಿ ಮಡಚಿ, ಕಾಲು ಮೇಲೆತ್ತಿದ. ಆದರೆ ಅವನದು ಪೊರಕೆ ಕಡ್ಡಿಯಂಥ ಮೈ. ಅತ್ತೆಯ ಮುಂದೆ ಅವನು ಯಾವ ಲೆಕ್ಕ? "ನೀನೂ ಬಾ," ಎಂದ ಬಾಮೈದನಿಗೆ. "ನನ್ನ ಸೊಂಟ ಹಿಡ್ಕೊಂಡು ಜೋಲು ಬೀಳು."

ಮನೆಯ ಬಾಗಿಲು ತೆರೆದಾಗ ಅತ್ತೆಗೆ ಕಂಡದ್ದು ಈ ದೃಶ್ಯ. ಅಳಿಯ ಕಂಬಿಗೆ, ಮಗ ಅಳಿಯನಿಗೆ.

"ಏನ್ರೋ ಇದು, ಬಾವಲಿ ಸಂಸಾರ?"

ಇಬ್ಬರೂ ಧೊಪ್ಪನೆ ಇಳಿದರು. ಮಗಳು ಕೈ ಚಾಚಿದಳು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ, ನಿಧಾನವಾಗಿ ಬಂದು ಕಂಬಿ ಹಿಡಿದರು. ಇಡೀ ಭಾರ ಬಿಟ್ಟರು. ಮೇಸ್ತ್ರಿ ಬಗ್ಗಿ ಸ್ಕ್ರೂಗಳನ್ನೇ ನೋಡಿದ. ಒಂದು ಕಾಲು ಮೆಟ್ಟಿಲೇರಿತು. ಇನ್ನೊಂದೂ ಏರಿತು. ಕಂಬಿ ಮಿಸುಕಲಿಲ್ಲ.

ಮದುವೆಯಾದಾಗಿನಿಂದ ಅಳಿಯನನ್ನು ಒಮ್ಮೆಯೂ ಹೊಗಳದ ಅತ್ತೆಯ ಕಣ್ಣು ಒದ್ದೆಯಾಯಿತು. "ಅಳಿಯಂದ್ರೇ, ಹೆತ್ತ ಮಗನೂ ಇಷ್ಟು ಮಾಡ್ಲಿಲ್ಲ. ನನಗೋಸ್ಕರ ಜೀವ ಒತ್ತೆ ಇಟ್ಟು ನೇತಾಡ್ತಾ ಇದ್ರಲ್ಲ, ಆವಾಗ ನಿಮ್ಮ ಮನಸ್ಸಲ್ಲಿ ಏನಿತ್ತು ಹೇಳಿ."

ಮೇಸ್ತ್ರಿ ತೇಪೆ ಹಾಕಿದ ಗೋಡೆಯನ್ನು ಅಸಹ್ಯದಿಂದ ನೋಡಿ, ಅಂಗೈ ಪ್ಯಾಂಟಿಗೆ ಒರೆಸಿಕೊಂಡ.

"ಪ್ಯಾಂಟು ಜಾರ್ತಾ ಇದೆ ಅಂತ ಇತ್ತು, ಅತ್ತೆ. ಇವನು ಅದನ್ನೇ ಹಿಡ್ಕೊಂಡಿದ್ದ."