ಕರೆಂಟ್ ಹೋದರೆ ಕಂಪ್ಲಿಗೆ ಫೋನ್

ಹೋದ ಮಂಗಳವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ತಾಯಿ-ಮಗಳು ಡಿಕ್ಕಿ ಹೊಡೆದುಕೊಂಡೆವು.

ಊಟಕ್ಕೆ ಕುಂತಿದ್ದೆವು. ಮಗಳು ವೀಣಾ ರಜೆ ಅಂತ ಮನೆಯಲ್ಲೇ ಇದ್ದಳು (ಸಂಡೂರಿನಲ್ಲಿ ಟೀಚರ್, ಸ್ಕೂಲಿದ್ದರೆ ದಿನಾ ಬಸ್ಸಿನ ಗುದ್ದಾಟ). ಫ್ಯಾನ್ ನಿಂತಿತು. ಹೊಸಪೇಟೆಯ ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಒಂದು ಸುದ್ದಿಯೇ? ಆದರೂ ನಾನು ಕಲಸಿದ ಅನ್ನ ಬಿಟ್ಟು ಎದ್ದೆ. ಅವಳೂ ಎದ್ದಳು. ಎಂಜಲು ಕೈಯಲ್ಲೇ ಇಬ್ಬರೂ ಒಳಕೋಣೆಗೆ ಓಡಿ, ಬಾಗಿಲಲ್ಲಿ ಭುಜಕ್ಕೆ ಭುಜ ಬಡಿದು ನಿಂತೆವು.

ಒಳಗೇನಿತ್ತು? ಮಂಚ ಇಲ್ಲ. ಸಿಲಿಂಡರ್ ಇಲ್ಲ. ಮೆಷಿನ್ ಇಲ್ಲ. ಮಡಚದೆ ಬಿಟ್ಟ ಒಣಗಿದ ಬಟ್ಟೆಗಳು, ಅಷ್ಟೇ. ಅವರಿಲ್ಲ.

"ಅವ್ವಾ, ನಾವ್ಯಾಕ ಓಡಿ ಬಂದ್ವಿ?" ಅಂದಳು ವೀಣಾ. ಇಬ್ಬರೂ ನಕ್ಕೆವು. ಆಮೇಲೆ ಊಟ ಸೇರಲಿಲ್ಲ.

ನಮ್ಮ ಮನೆಯವರು ನಿಮಗೆ ಹೊಸಬರಲ್ಲ. ಈ ಅಂಕಣದಲ್ಲಿ ಅವರನ್ನು ನಾನು ಎಷ್ಟು ಸಲ ಬೈದಿಲ್ಲ? ಲಾರಿಗಳ ವೈರಿಂಗ್ ರಿಪೇರಿ ಅವರ ಕೆಲಸ. ಅದಿರು ಲಾರಿಯ ಕೆಳಗೆ ಮಲಗಿ ಮಲಗಿ, ಬಿಳಿ ಅಂಗಿ ಅನ್ನುವುದನ್ನೇ ಮರೆತವರು. ಕೊನೆಗೆ ಶ್ವಾಸಕೋಶ ಹಟ ಹಿಡಿಯಿತು. ವರ್ಷಗಟ್ಟಲೆ ಮಂಚ, ಮೂಗಿಗೆ ಪೈಪು. ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಮೆಷಿನ್ ಹಗಲೂ ರಾತ್ರಿ ಗುರ್ ಅನ್ನುತ್ತಿತ್ತು. ಅದಕ್ಕೆ ಕರೆಂಟ್ ಬೇಕು. ಕರೆಂಟ್ ಹೋಯಿತೋ, ಪೀಪೀ ಅಂತ ಒದರಿ ನಿಂತುಬಿಡುತ್ತಿತ್ತು. ಆಗ ನಾನು ಓಡಿ ಪಕ್ಕದ ಆಕ್ಸಿಜನ್ ಸಿಲಿಂಡರಿನ ಕೀಲಿ ತಿರುವಬೇಕು, ವೀಣಾ ಓಡಿ ಪೈಪು ಬದಲಿಸಬೇಕು.

ನಾವು ಹಾಗೆ ಓಡುವಾಗ ಅವರದು ಒಂದೇ ಮಾತು. "ಓಡಬ್ಯಾಡ, ಬೀಳ್ತಿ." ಉಸಿರೇ ಸಾಲದ ಮನುಷ್ಯ ಇದ್ದ ಉಸಿರನ್ನು ಇದಕ್ಕೆ ಖರ್ಚು ಮಾಡಬೇಕಾ? ಸುಮ್ನಿರ್ರೀ ಸಾಕು ಅಂತ ಗದರಿಸಿ ಓಡುತ್ತಿದ್ದೆ.

ಅಷ್ಟು ಹೆದರಿದ್ದೆವಲ್ಲ, ಅವರು ಹೋದದ್ದು ಹೇಗೆ ಗೊತ್ತೇ? ಬೆಳಿಗ್ಗೆ, ಕರೆಂಟ್ ಇರುವಾಗಲೇ, ಮೆಷಿನ್ ಚೆನ್ನಾಗಿ ನಡೆಯುತ್ತಿರುವಾಗಲೇ. ಚಹಾ ಆರಿಸಿ ತರುವಷ್ಟರಲ್ಲಿ. ಯಾರನ್ನು ಬೈಯಲಿ ಹೇಳಿ?

ಮೆಷಿನ್ ಈಗ ಕಂಪ್ಲಿಯಲ್ಲಿದೆ. ನಮ್ಮ ಡಾಕ್ಟರ ಹತ್ತಿರವೇ ತೋರಿಸುವ ಈರಣ್ಣ ಅನ್ನುವವರಿಗೆ ಕೊಟ್ಟಿದ್ದೇವೆ. ರೈಸ್ ಮಿಲ್ಲಿನಲ್ಲಿ ದುಡಿದ ಜೀವ, ಅವರದೂ ಅದೇ ಕಾಯಿಲೆ. ಅವರ ಹೆಂಡತಿ ಗಂಗಮ್ಮ ಬಂದು ಒಯ್ದರು. ಒಳ್ಳೆ ಕೆಲಸ ಮಾಡಿದಿರಿ ಅಂತ ನೆಂಟರೆಲ್ಲ ಹೊಗಳಿದರು. ಆದರೆ ಮೆಷಿನ್ ಜೊತೆ ಅದರ ಭಯವೂ ಹೊರಟುಹೋಗುತ್ತದೆ ಅಂದುಕೊಂಡಿದ್ದೆನಲ್ಲ, ಅದು ಸುಳ್ಳಾಯಿತು. ಇಲ್ಲಿ ಫ್ಯಾನ್ ನಿಂತರೆ ಸಾಕು, ನನ್ನ ಕೈ ಫೋನಿಗೆ ಹೋಗುತ್ತದೆ. ಗಂಗಮ್ಮಾ, ಅಲ್ಲಿ ಕರೆಂಟ್ ಐತೇನು? ಸಿಲಿಂಡರ್ ತುಂಬಿಸೀಯೇನು? ಈರಣ್ಣ ಹೆಂಗದಾರ?

(ಬೇಸಿಗೆಯಲ್ಲಿ ನಮ್ಮ ಓಣಿಯ ಕರೆಂಟ್ ಎಷ್ಟು ಸಲ ಹೋಗುತ್ತದೆ ಅನ್ನುವುದು ನಿಮಗೇ ಗೊತ್ತು. ಅಷ್ಟೂ ಸಲ.)

ಮಂಗಳವಾರವೂ ಮಾಡಿದೆ. ಗಂಗಮ್ಮ ಎತ್ತಲಿಲ್ಲ. ಮತ್ತೆ ಮಾಡಿದೆ. ರಿಂಗಾಗಿ ರಿಂಗಾಗಿ ಕಟ್ಟಾಯಿತು. ಮೂರನೇ ಸಲ ಸ್ವಿಚ್ಡ್ ಆಫ್. ಮಲಗಿರಬೇಕು ಬಿಡು ಅಂತ ವೀಣಾ ಹೇಳಿದಳು. ಹೇಳುತ್ತ ಹೇಳುತ್ತ ನನ್ನ ಚಪ್ಪಲಿ ತಂದು ಮುಂದಿಟ್ಟಳು.

ಕಂಪ್ಲಿ ಬಸ್ಸು ಅವತ್ತು ತೆವಳಿತು. ಕಮಲಾಪುರದಲ್ಲಿ ಹಂಪಿ ನೋಡಿ ಬಂದ ಮಂದಿ ಹತ್ತಿದರು, ಇಳಿದರು, ಚಿಲ್ಲರೆಗೆ ಜಗಳಾಡಿದರು. ನನಗೆ ಎಲ್ಲರ ಮೇಲೂ ಸಿಟ್ಟು. ಬಾಳೆ ತೋಟ, ಗದ್ದೆ, ಮತ್ತೆ ಬಾಳೆ ತೋಟ. ದಾರಿಯ ಪ್ರತಿ ಅಂಗಡಿಯಲ್ಲೂ ಬಲ್ಬ್ ಉರಿಯುತ್ತಿದೆಯಾ ಅಂತ ಇಣುಕಿದೆ. ಈರಣ್ಣನವರ ಮುಖವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಆದರೂ ದೇವರೇ, ಇನ್ನೊಂದು ಸಲ ಬ್ಯಾಡ ಅಂತ ಬೇಡಿಕೊಳ್ಳುತ್ತಿದ್ದೆ.

ಓಣಿ ಕೇಳಿಕೊಂಡು ಹೋದರೆ, ಮನೆ ಮುಂದೆ ಮಂದಿ ಇರಲಿಲ್ಲ. ಅದೇ ಧೈರ್ಯ. ಬಾಗಿಲು ದಾಟುವ ಮುಂಚೆಯೇ ಕೇಳಿಸಿತು. ಗುರ್. ನಮ್ಮ ಮೆಷಿನ್ನಿನ ಸದ್ದೇ. ನನಗೆ ಅಲ್ಲೇ ಅಳು ಬಂತು. ಆ ಸದ್ದು ಕೇಳಿದರೆ ಅವರು ಒಳಗಿದ್ದಾರೆ ಅಂತಲೇ ನನ್ನ ಕಿವಿಗೆ ರೂಢಿ.

ಒಳಗಿದ್ದದ್ದು ಈರಣ್ಣ. ದಿಂಬಿಗೆ ಒರಗಿ, ಮೂಗಿಗೆ ಪೈಪು ಹಾಕಿಕೊಂಡು, ಆರಾಮಾಗಿ ಟೀವಿ ನೋಡುತ್ತಿದ್ದರು. ಗಂಗಮ್ಮ ನನ್ನ ಕಂಡು ಗಾಬರಿಯಾದರು. ಕುಂದ್ರಿ ಅಂದರು, ನೀರು ಕೊಟ್ಟರು. ಫೋನ್ ಯಾಕೆ ಎತ್ತಲಿಲ್ಲ ಅಂತ ಕೇಳಿದ್ದಕ್ಕೆ ಸೆರಗು ತಿರುವುತ್ತ ಕೂತರು. ಉತ್ತರ ಕೊಟ್ಟದ್ದು ಈರಣ್ಣ, ಮಾತಿನ ನಡುವೆ ನಿಂತು ನಿಂತು.

"ನಾನ ಬಂದ್ ಮಾಡು ಅಂದೆ ಅಕ್ಕಾರ. ತಪ್ಪು ತಿಳೀಬ್ಯಾಡ್ರಿ. ಕರೆಂಟ್ ಹೋದ್ರ ನಂಗ ಅಷ್ಟು ಅಂಜಿಕಿ ಆಗಂಗಿಲ್ಲ. ನಿಮ್ಮ ಫೋನ್ ಬಂದ್ರ ಭಾಳ ಅಂಜಿಕಿ ಆಗ್ತತಿ."

ಹೌದಲ್ಲ! ಗಂಡನನ್ನು ಕಳೆದುಕೊಂಡವಳು ಪದೇ ಪದೇ ಫೋನ್ ಮಾಡಿ ಇನ್ನೂ ಹೆಂಗದೀರಿ ಅಂತ ಕೇಳಿದರೆ ಯಾರ ಎದೆ ತಡೆದೀತು? ನನಗೆ ನಾಚಿಕೆಯಾಯಿತು. ಇನ್ನು ಮಾಡುವುದಿಲ್ಲ ಅಂತ ಮಾತು ಕೊಟ್ಟೆ.

ನಾನು ಏಳುವಾಗ ಈರಣ್ಣ ಕೇಳಿದರು. "ನಿಮ್ಮ ಯಜಮಾನ್ರಿಗೆ ಅಂಜಿಕಿ ಆಗ್ತಿತ್ತೇನ್ರಿ?"

ಇಷ್ಟು ವರ್ಷ ಪಕ್ಕದಲ್ಲೇ ಕೂತವಳಿಗೆ ಅದು ಗೊತ್ತಿರಬೇಕಲ್ಲ? ಗೊತ್ತಿಲ್ಲ. ಅವರು ಹೇಳಲಿಲ್ಲ. ಓಡಬ್ಯಾಡ, ಬೀಳ್ತಿ ಅಂತಿದ್ದರು ಅಷ್ಟೇ ಅಂದೆ. ಈರಣ್ಣ ಹೆಂಡತಿಯನ್ನು ಒಮ್ಮೆ ನೋಡಿ ಟೀವಿ ಕಡೆ ತಿರುಗಿದರು. ವಾಪಸ್ ಬಸ್ಸಿನಲ್ಲಿ ನನಗೆ ಬೇರೆ ಏನೂ ತಲೆಗೆ ಹತ್ತಲಿಲ್ಲ. ನಮ್ಮ ಮನೆಯವರಿಗೂ ಅಂಜಿಕೆ ಇತ್ತು. ಇಲ್ಲದಿದ್ದರೆ ಅಷ್ಟು ಸಲ ಹೇಳುತ್ತಿದ್ದರಾ? ನನ್ನನ್ನು ನೋಡುತ್ತ ತಮ್ಮದನ್ನು ಮರೆಯುತ್ತಿದ್ದರೋ ಏನೋ. ಈಗ ಕೇಳೋಣವೆಂದರೆ ಎಲ್ಲಿ ಹೋಗಲಿ?

ಶುಕ್ರವಾರ ಸಂಜೆ ಡ್ಯಾಂ ಕಡೆಯಿಂದ ಜೋರು ಗಾಳಿ ಎದ್ದಿತು. ಕರೆಂಟ್ ಹೋಯಿತು. ವೀಣಾ ಅಡುಗೆಮನೆಯಿಂದ ಕೂಗಿದಳು, ಅವ್ವಾ ಫೋನ್ ಮುಟ್ಟಬ್ಯಾಡ ಅಂತ. ಮುಟ್ಟಲಿಲ್ಲ. ಕೈಯಲ್ಲಿ ಹಿಡಿದಿದ್ದೆ, ಅಷ್ಟೇ. ಆ ಗಾಳಿ ಕಂಪ್ಲಿಗೂ ಹೋಗಿರುತ್ತದೆ, ಅಲ್ಲೂ ಮೆಷಿನ್ ನಿಂತಿರುತ್ತದೆ, ಗಂಗಮ್ಮನಿಗೆ ಸಿಲಿಂಡರ್ ತಿರುವಲು ಬಂತೋ ಇಲ್ಲವೋ. ಮಾತು ಕೊಟ್ಟಿದ್ದೇನಲ್ಲ, ಸುಟ್ಟ ಮಾತು.

ಕೈಯಲ್ಲಿದ್ದ ಫೋನೇ ಹೊಡೆದುಕೊಂಡಿತು. ಗಂಗಮ್ಮನ ನಂಬರ್. ಎತ್ತಿದೆ. ಮೊದಲು ಗುರ್ ಸದ್ದು, ಆಮೇಲೆ ಈರಣ್ಣನ ದನಿ.

"ಅಕ್ಕಾರ, ಇಲ್ಲಿ ಕರೆಂಟ್ ಹೋಗಿ ಬಂತ್ರಿ. ನಿಮ್ಮಲ್ಲೂ ಹೋಗಿರಬೇಕು ಅಂದ್ಕೊಂಡೆ. ಓಡಬ್ಯಾಡ್ರಿ."

ಇಲ್ರಿ, ಕುಂತೀನಿ ಅಂದೆ.

ಆಗಲೇ ಒಳಕೋಣೆಯ ಬಾಗಿಲು ಹಿಡಿದು ನಿಂತಿದ್ದೆ. ಅವರಿಗೆ ಹೇಳಲಿಲ್ಲ, ನೀವೂ ಹೇಳಬೇಡಿ.