ಪಂಡಿತ್‌ಜಿಯ ಮಗನಿಗೆ ಇಲಿ ಜ್ವರ

ಮೊದಲು ನೋವು ಬಂದದ್ದು ಮೀನಖಂಡಕ್ಕೆ. ಭಾನುವಾರ ವಾಲಿಬಾಲ್ ಆಡಿದ್ದೆ. ಆಡಿದ್ದೆ ಅಂದರೆ, ನಮ್ಮದೇ ತಂಡದವರ ಮೈಮೇಲೆ ಬಿದ್ದಿದ್ದೆ. ಅದರದ್ದೇ ನೋವು ಅಂದುಕೊಂಡೆ. ಆಮೇಲೆ ಕಣ್ಣು ಕೆಂಪಾಯಿತು. ನಾನು ಲೆಕ್ಕ ಬರೆಯುವ ರೈಟರ್ ಆಗಿರುವ ಕಾಫಿ ಎಸ್ಟೇಟಿನ ಮೇಸ್ತ್ರಿ ನೋಡಿ, "ಎಂತ ರೈಟರೇ, ಬೆಳಿಗ್ಗೆ ಬೆಳಿಗ್ಗೆನೇ ಶುರು ಮಾಡಿದ್ರಾ?" ಅಂದರು. ಮಾನ ಉಳಿಸಿಕೊಳ್ಳಲು ಕೂಲಿಂಗ್ ಗ್ಲಾಸ್ ಹಾಕಿಕೊಂಡೆ. ಸಿನಿಮಾ ಹೀರೋ ತರ ಕಾಣುತ್ತೇನೆ ಅಂತ ಖುಷಿಯೂ ಆಯಿತು. ಆ ಗ್ಲಾಸಿನ ಹಿಂದೆ ಕಣ್ಣು ಹಳದಿಯಾದದ್ದು ಯಾರಿಗೂ ಕಾಣಲಿಲ್ಲ.

ಇಲಿ ಜ್ವರ.

ಕಾಲಲ್ಲಿ ಗಾಯ ಇಟ್ಟುಕೊಂಡು, ಬೂಟು ಒದ್ದೆಯಾಗುತ್ತದೆಂದು ಬರಿಗಾಲಲ್ಲಿ ಇಲಿ ಮೂತ್ರ ಸೇರಿದ ಚರಂಡಿ ನೀರಿಗೆ ಇಳಿದಿದ್ದೆ. ಬೂಟು ಉಳಿಯಿತು. "ಲೆಪ್ಟೋಸ್ಪೈರೋಸಿಸ್. ಕಿಡ್ನಿಗೂ ಹತ್ತಿದೆ. ಯಾಕ್ರೀ ಇಷ್ಟು ಲೇಟ್?" ಎಂದು ಚಿಕ್ಕಮಗಳೂರಿನ ಡಾಕ್ಟರ್ ಬೈದರು. ನಮ್ಮಪ್ಪ ಗುಂಡು ಹಾರುವ ಕಡೆ ಇದ್ದು ಒಂದು ಗೀರೂ ಇಲ್ಲದೆ ವಾಪಸ್ ಬಂದವರು. ಮಗನನ್ನು ಇಲಿ ಕೆಡವಿತು, ಅದೂ ಕಚ್ಚದೆ.

ಅಪ್ಪ ಸೈನ್ಯದಲ್ಲಿ ಧರ್ಮಗುರು ಆಗಿದ್ದರು. ಕಳಸದ ಕಡೆಯ ಪುರೋಹಿತರ ಮನೆಯಿಂದ ಹೋದವರು, ಅಲ್ಲಿ ಎಲ್ಲರಿಗೂ ಪಂಡಿತ್‌ಜಿ. ಪೂಜೆ ಇತ್ತು, ಜೊತೆಗೆ ಬೇರೆ ಧರ್ಮದ ಗುರುಗಳಿಲ್ಲದ ಯೂನಿಟ್ಟಿನಲ್ಲಿ ಅವರವರ ಪ್ರಾರ್ಥನೆಗೆ ಜಾಗ ಹೊಂದಿಸುವುದೂ ಇವರದೇ ಕೆಲಸ. ಆದರೆ ಅಪ್ಪ ಕೆಲಸ ಅಂತ ಕರೆಯುತ್ತಿದ್ದುದು ಒಂದನ್ನೇ: ಆಸ್ಪತ್ರೆಯಲ್ಲಿ ಗಾಯಗೊಂಡವರ ಪಕ್ಕ ಕೂರುವುದು. "ಮಂತ್ರ ಆಮೇಲೆ. ಮೊದ್ಲು ಕೈ ಹಿಡ್ಕೊಬೇಕು" ಅನ್ನುತ್ತಿದ್ದರು. ತೀರಿಹೋದವರ ಶವಪೆಟ್ಟಿಗೆಯ ಜೊತೆ ಅವರ ಊರಿಗೂ ಹೋಗುತ್ತಿದ್ದರು. ಅಲ್ಲಿ ತಾಯಂದಿರು ಕೇಳುವುದು ಒಂದೇ ಅಂತೆ, ಕೊನೆಗೆ ಹತ್ತಿರ ಯಾರಿದ್ದರು ಅಂತ. ನಾನಿದ್ದೆ ತಾಯಿ, ಅನ್ನಬೇಕು. ಅನ್ನಬೇಕಾದರೆ ಇದ್ದಿರಬೇಕು. ಆದ್ದರಿಂದ ಯಾರು ಕರೆದರೂ ಅಪ್ಪ ಹೋಗುತ್ತಿದ್ದರು.

ನನಗೆ ಜ್ವರ ಬಂದಾಗ ಮಾತ್ರ ಒಂದು ಸಲವೂ ಊರಲ್ಲಿರಲಿಲ್ಲ.

ಈ ಸಲ ಇದ್ದರು. ರಿಟೈರ್ ಆಗಿದ್ದರು. ಕ್ರಿಯೇಟಿನಿನ್ ಏರಿತು, ಡಯಾಲಿಸಿಸ್ ಆಯಿತು. ಮೈಯೆಲ್ಲ ಕೆರೆತ, ಬಾಯಲ್ಲಿ ತುಕ್ಕಿನ ರುಚಿ. ಅಮ್ಮ ಅಳುತ್ತಾ ಗಂಜಿ ತರುತ್ತಿದ್ದಳು, ಅಪ್ಪ ಅಳದೆ ತಿನ್ನಿಸುತ್ತಿದ್ದರು. ಸಂಕೋಚವಿಲ್ಲದೆ ಹೇಳುತ್ತೇನೆ, ಆ ವಾರ ನನಗೆ ಬಹಳ ಹಿತವಾಗಿತ್ತು. ಜೀವ ಹೋಗುವ ಸ್ಥಿತಿಯಲ್ಲಿ ಹಬ್ಬ ಮಾಡಿದವನು ನಾನೊಬ್ಬನೇ ಇರಬೇಕು.

ಬಾಳೂರಿನ ಮಂಜಯ್ಯ ಪಕ್ಕದ ಬೆಡ್ಡಿನಲ್ಲಿದ್ದರು. ಎಸ್ಟೇಟಿನ ಕೆಲಸದವರು, ಶ್ವಾಸಕೋಶ ಹಾಳಾಗಿತ್ತು. ಜೊತೆಗೆ ಮಗಳು ಲಲಿತಕ್ಕ. ನಮ್ಮಪ್ಪನನ್ನು ಇಬ್ಬರೂ ಮಿಲಿಟ್ರಿ ಭಟ್ರು ಅನ್ನುತ್ತಿದ್ದರು.

"ಭಟ್ರೇ, ನಿಮ್ ಮಗ ಬದುಕ್ತಾನೆ ಬಿಡಿ. ಇಷ್ಟು ಮಾತಾಡೋರು ಸಾಯಲ್ಲ" ಅಂದರು ಮಂಜಯ್ಯ.

"ಸಾಯೋದು ನಾವು ಕೇಳೋರು" ಎಂದು ಅಪ್ಪ ನಕ್ಕರು.

ಉಸಿರಾಟ ಕೆಟ್ಟಾಗ ಮಂಜಯ್ಯನವರನ್ನು ಎದುರಿನ ರೂಮಿಗೆ ಹಾಕಿದರು. ಆ ಮಧ್ಯಾಹ್ನ ಲಲಿತಕ್ಕ ಬಟ್ಟೆ ತರಲು ಊರಿಗೆ ಹೋಗಿದ್ದರು. ಸಿಸ್ಟರ್ ಬಂದು, "ಅಂಕಲ್, ಮಂಜಯ್ಯ ನಿಮ್ಮನ್ನ ಕರೀತಿದಾರೆ" ಅಂದರು. ಅಪ್ಪ ಎದ್ದರು.

ನಾನು ಕಿರುಚಿದೆ.

"ಅಪ್ಪಾ, ಕಾಲು! ಕಾಲು!"

ನೋವಿತ್ತಾ? ಸ್ವಲ್ಪ. ಕಿರುಚುವಷ್ಟಿರಲಿಲ್ಲ. ಅಪ್ಪ ಕೂತು ಮೀನಖಂಡ ನೀವತೊಡಗಿದರು. ಸಿಸ್ಟರ್ ಮತ್ತೆ ಬಂದರು. "ಈಗ ಬಂದೆ ಅಂತ ಹೇಳಮ್ಮ" ಅಂದರು ಅಪ್ಪ. ನಾನು ವಾಲ್ಯೂಮ್ ಏರಿಸಿದೆ. ಶಾಲೆಯ ನಾಟಕದಲ್ಲಿ ಮರದ ಪಾತ್ರವನ್ನೂ ಕೆಡಿಸಿದ್ದ ನಾನು ಅವತ್ತು ಅದ್ಭುತವಾಗಿ ನಟಿಸಿದೆ. ಆ ಕೈಗಳು ಅಷ್ಟು ಬೆಚ್ಚಗಿದ್ದವು, ನಿದ್ದೆ ಬಂತು.

ಎದ್ದಾಗ ಅಪ್ಪ ಕಿಟಕಿಯ ಹತ್ತಿರ ನಿಂತಿದ್ದರು.

"ಹೋಗಿ ನೋಡಿದ್ರಾ?"

"ಹೋದೆ. ಅಷ್ಟೊತ್ತಿಗೆ ಮುಖ ಮುಚ್ಚಿಬಿಟ್ಟಿದ್ರು."

"ಅಪ್ಪಾ, ನಂಗೆ ಅಷ್ಟು ನೋವಿರ್ಲಿಲ್ಲ" ಅಂದೆ.

"ಗೊತ್ತಿತ್ತು ಮಾಣಿ. ನೋವಲ್ಲಿ ಕಿರುಚೋದು ಎಷ್ಟು ಕೇಳಿದೀನಿ ನಾನು." ಬಂದು ನನ್ನ ಹೊದಿಕೆ ಸರಿಮಾಡುತ್ತಾ ಹೇಳಿದರು, "ಯಾರ್ಯಾರ ಮಕ್ಕಳ ಹತ್ರವೋ ಕೂತೆ. ಇವತ್ತೊಂದಿನ ನಿನ್ ಹತ್ರ ಕೂರಣ ಅನ್ನಿಸ್ತು. ಕೂತೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಚಿಕ್ಕಂದಿನಿಂದ ನಾನು ಬೇಡಿಕೊಂಡದ್ದು ಅಪ್ಪ ಪಕ್ಕದಲ್ಲಿ ಕೂರುವ ಅಂಥದೊಂದು ದಿನವನ್ನೇ. ಸಿಕ್ಕಿದ್ದು ಇನ್ನೊಬ್ಬರ ಪಾಲಿನದು.

ಕಿಡ್ನಿ ನಿಧಾನಕ್ಕೆ ಕೆಲಸ ಶುರು ಮಾಡಿತು. ಮೂತ್ರ ಸರಿಯಾಗಿ ಬಂದ ದಿನ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇನ್ನೂ ಬ್ಲಡ್ ಟೆಸ್ಟಿಗೆ ಹೋಗುತ್ತಿರುತ್ತೇನೆ, ಪ್ರತಿ ರಿಪೋರ್ಟನ್ನೂ ಹೆದರಿಕೊಂಡೇ ಬಿಡಿಸುತ್ತೇನೆ. ನಡೆದಾಡುವಷ್ಟು ಶಕ್ತಿ ಬಂದ ಮೇಲೆ ಬಾಡಿಗೆ ಜೀಪು ಮಾಡಿಕೊಂಡು ಅಪ್ಪನೂ ನಾನೂ ಬಾಳೂರಿಗೆ ಹೋದೆವು. ಲಲಿತಕ್ಕ ಎಸ್ಟೇಟಿನ ಕೂಲಿ ಲೈನಿನ ತಮ್ಮ ಮನೆ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಎದ್ದು ನಿಂತು ಕೇಳಿಯೇಬಿಟ್ಟರು:

"ಅಪ್ಪನ ಹತ್ರ ನೀವಿದ್ರಲ್ಲ ಭಟ್ರೇ?"

ಅಪ್ಪ ಬಾಯಿ ತೆರೆದರು. ಹೂಂ ಅಂದರೆ ಮುಗಿಯುತ್ತಿತ್ತು.

"ಇರ್ಲಿಲ್ಲ ಲಲಿತಕ್ಕ" ಅಂದೆ ನಾನು. "ನಿಮ್ಮಪ್ಪ ಕರೆದ್ರು. ನಾನು ಬಿಡ್ಲಿಲ್ಲ. ಸುಮ್ನೆ ಕಿರುಚಿದೆ."

"ಅವನೊಬ್ಬನದಲ್ಲ ಅಮ್ಮ. ಗೊತ್ತಿದ್ದೂ ಕೂತವನು ನಾನು" ಎಂದರು ಅಪ್ಪ.

ಲಲಿತಕ್ಕ ನಮ್ಮಿಬ್ಬರನ್ನೂ ನೋಡಿದರು. ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಮೊರ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು. "ಒಬ್ರನ್ನೇ ಬಿಟ್ರೆ ಹೆದರ್ತಿದ್ರು ಅಪ್ಪ" ಅಂದರು. ಆಮೇಲೆ ಅಳು ಬಂತು.

ಅಪ್ಪ ಒಂದು ಮೆಟ್ಟಿಲು ಕೆಳಗೆ ಕೂತರು. "ಹೇಳಮ್ಮ. ಇನ್ನೂ ಹೇಳು" ಅಂದರು.

ಕೆಳಗೆ ರಸ್ತೆಯಲ್ಲಿ ಜೀಪಿನವನು ಹಾರನ್ ಹೊಡೆದ. ನಾನು ಇಳಿದು ಹೋಗಿ, ಇನ್ನೂ ತಡ ಆಗುತ್ತೆ ಮಾರಾಯ, ಇಂಜಿನ್ ಆಫ್ ಮಾಡು ಅಂದೆ.