ಬಾಯ್ಲರನ ಹಲಗೆ

ಎಂಜಿನ್ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಬಾಯ್ಲರ್ ಅಂತಲೇ ಕರೆಯುತ್ತಿದ್ದರು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಸುಳ್ಳು ಹೇಳಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಸ್ಪ್ಯಾನರ್ ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ಅದು ಸಿಕ್ಕ ಕೂಡಲೇ ಹಾರಿ ಗೋಡೆಗೆ ಬಡಿಯುತ್ತಿತ್ತು. ನಡುವೆ ಯಾರಾದರೂ ನಿಂತಿದ್ದರೆ ಅದು ಅವರ ಹಣೆಬರಹ. ಒಮ್ಮೆ ಕ್ಯಾಂಟೀನಿನಲ್ಲಿ ಕ್ರೇನ್ ಡ್ರೈವರನ ಎರಡು ಹಲ್ಲು ಉದುರಿಸಿದ. ಆಮೇಲೆ ತಾನೇ ಅವನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ, ಅಲ್ಲಿ ಬಹಳ ಹೊತ್ತು ಕಾಯಿಸಿದರೆಂದು ಡಾಕ್ಟರ ಮೇಲೂ ಹರಿಹಾಯ್ದು ಬಂದ. ಇಂಥವನನ್ನು ಯಾಕೆ ಇಟ್ಟುಕೊಂಡಿದ್ದರು ಅಂತೀರಾ? ದೊಡ್ಡ ಲಾರಿ ಎಂಜಿನ್ನುಗಳ ಪರೀಕ್ಷಾ ಕೋಣೆಯಲ್ಲಿ ನಿಲ್ಲುವಷ್ಟು ಎದೆ ಬೇರೆ ಯಾರಿಗೂ ಇರಲಿಲ್ಲ, ಅದಕ್ಕೆ.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಎಂಜಿನ್ನುಗಳಲ್ಲೆಲ್ಲ ದೊಡ್ಡದು ಹದಿನಾರು ಲೀಟರಿನದು. ಎಂಟು ಸಿಲಿಂಡರು, ಏಳುನೂರೈವತ್ತು ಹಾರ್ಸ್ ಪವರು. ಲಾರಿಗೆ ಕೂರಿಸುವ ಮೊದಲು ಒಂದೊಂದನ್ನೂ ಈ ಕೋಣೆಯಲ್ಲಿ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಭಾರ ಹೇರುವ ನೀರಿನ ಬ್ರೇಕಿಗೆ ಜೋಡಿಸಿ, ಹೊಟ್ಟೆ ಹರಿಯುವ ತನಕ ಓಡಿಸುತ್ತಿದ್ದರು. ನೆಲ ನಡುಗುತ್ತಿತ್ತು, ಹಲ್ಲು ತಾವಾಗಿಯೇ ಕಟಕಟ ಎನ್ನುತ್ತಿದ್ದವು. ಆ ಕೋಣೆಗೆ ಎರಡೇ ಕಟ್ಟಳೆ. ಎಂಜಿನ್ನಿಗೆ ಎಣ್ಣೆ ಸುರಿದವನು "ಎಣ್ಣೆ ಹಾಕಿದೆ!" ಎಂದು ಕೂಗಬೇಕು, ಇನ್ನೊಬ್ಬ "ಕೇಳಿಸ್ತು!" ಎಂದು ತಿರುಗಿ ಕೂಗಬೇಕು. ಎರಡನೆಯದು, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ಗಟ್ಟಿ ಮರದ ಹಲಗೆಯನ್ನು ಬೇರೆ ಕೆಲಸಕ್ಕೆ ಯಾರೂ ಮುಟ್ಟಬಾರದು. ಡೀಸೆಲ್ ಎಂಜಿನ್ನು ಒಮ್ಮೊಮ್ಮೆ ಹುಚ್ಚೆದ್ದು ತನ್ನ ಎಣ್ಣೆಯನ್ನೇ ಕುಡಿದು ಓಡತೊಡಗುತ್ತದೆ. ಆಗ ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ, ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಅದರ ಉಸಿರು ಕಟ್ಟಬೇಕು. ಎಂಜಿನ್ನಿಗೆ ಗಾಳಿ ತುಂಬುವ ಚಕ್ರ ಟರ್ಬೊ, ಅದು ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ ಹಿಡಿದರೆ ಮಾತ್ರ ಸಾಯುತ್ತದೆ.

ಬಾಯ್ಲರನ ಜೊತೆ ಆ ಕೋಣೆಯಲ್ಲಿ ದುಡಿಯುತ್ತಿದ್ದವನು ಅವನ ಅಳಿಯ. ಒಬ್ಬಳೇ ಮಗಳ ಗಂಡ. ಒಳ್ಳೆಯವನೇ, ಬಾಯಿ ಮಾತ್ರ ಸ್ವಲ್ಪ ಉದ್ದ. ಅವನಿಗೆ ವೇಗದ ಕಾರುಗಳ ಹುಚ್ಚು. ಮಾವನ ಮುಷ್ಟಿಯ ರುಚಿಯನ್ನು ಅವನು ಆಗಲೇ ಒಂದು ಸಲ ನೋಡಿದ್ದ. ತುಟಿ ಒಡೆದುಕೊಂಡು ಮನೆಗೆ ಬಂದ ಗಂಡನನ್ನು ಕಂಡು ಮಗಳು ಅಪ್ಪನ ಮನೆಗೆ ನುಗ್ಗಿ, ಗೋಡೆಯ ಮೇಲಿದ್ದ ತನ್ನ ಮದುವೆಯ ಫೋಟೋ ಕಿತ್ತು ಅಪ್ಪನ ಕಾಲ ಬುಡದಲ್ಲಿ ಒಡೆದಿದ್ದಳು.

"ಇನ್ನೊಂದು ಸಲ ಅವರ ಮೇಲೆ ಕೈ ಎತ್ತು ನೋಡೋಣ. ಅಪ್ಪ ಸತ್ತ ಅಂತ ಸ್ನಾನ ಮಾಡ್ತೀನಿ. ಈ ಹೊಸಿಲು ತುಳಿಯಲ್ಲ."

ಅವಳು ಅವನದೇ ರಕ್ತ. ಹೇಳಿದ್ದನ್ನು ಮಾಡುವವಳು. ಹೆಂಡತಿ ಹೋದ ಮೇಲೆ ಅವನಿಗೆ ಈ ಭೂಮಿಯ ಮೇಲೆ ಇದ್ದದ್ದು ಅವಳೊಬ್ಬಳು. ಅಂದಿನಿಂದ ಸಿಟ್ಟು ಬಂದಾಗಲೆಲ್ಲ ಬಾಯ್ಲರ್ ಎರಡೂ ಕೈಗಳನ್ನು ಜೇಬಿಗೆ ತುರುಕುತ್ತಿದ್ದ. ಜೇಬುಗಳು ಹರಿದು ಹೋಗಿದ್ದವು.

ಒಂದು ದಿನ ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚಿ ಕೋಣೆಯ ಬಾಗಿಲಲ್ಲಿ ಕೂತಿದ್ದರು. ಅಳಿಯ ಮೊಬೈಲಿನಲ್ಲಿ ಕಾರೊಂದನ್ನು ತೋರಿಸಿದ.

"ನೋಡಿ ಮಾವ, ಹದಿನಾರು ಸಿಲಿಂಡರು, ನಾಲ್ಕು ಟರ್ಬೊ. ಗಂಟೆಗೆ ನಾನೂರು ಕಿಲೋಮೀಟರ್ ದಾಟುತ್ತೆ. ಅದೂ ಶೋರೂಮಿಂದ ಬಂದ ಹಾಗೇ, ಒಂದು ನಟ್ಟೂ ಬದಲಾಯಿಸಿಲ್ಲ!"

"ಎಷ್ಟು ಲೀಟರು?"

"ಎಂಟು."

"ಎಂಟಾ!" ಬಾಯ್ಲರ್ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ. "ನನ್ನ ಎಂಜಿನ್ನಿಗೆ ಅದು ಬಾಯಿ ಮುಕ್ಕಳಿಸೋಕೂ ಸಾಲಲ್ಲ. ನಲವತ್ತು ಟನ್ ಎಳೀ ಅನ್ನು ಅದಕ್ಕೆ, ಅಲ್ಲೇ ಗೊಟಕ್ ಅನ್ನುತ್ತೆ."

"ನಿಮ್ದು ಕೋಣ, ಮಾವ. ಎಷ್ಟು ತಿಂದ್ರೂ ಕೋಣ ಕೋಣಾನೇ. ನೀವೂ ಅಷ್ಟೇ ತಾನೆ, ಜೀವಮಾನ ಎಲ್ಲ ನಿಂತಲ್ಲೇ ಗುಟುರು ಹಾಕಿದ್ದು!"

ತಮಾಷೆಗೆ ಅಂದ ಮಾತು. ಆದರೆ ಬಾಯ್ಲರನ ಪಿತ್ತ ನೆತ್ತಿಗೇರಿಯಾಗಿತ್ತು. ಕೈಗೆ ಜೇಬು ಸಿಗಲಿಲ್ಲ, ಮೊಳೆಯಲ್ಲಿದ್ದ ಹಲಗೆ ಸಿಕ್ಕಿತು. ಎತ್ತಿ ಅಳಿಯನ ಬೆನ್ನಿಗೆ ಬಾರಿಸಿದ. ಹಲಗೆ ಫಟ್ಟನೆ ಎರಡು ಹೋಳಾಯಿತು. ಅಳಿಯ ಬುತ್ತಿಯ ಮೇಲೆ ಮುಗ್ಗರಿಸಿ, ಉಸಿರು ಸಿಗದೆ ಒದ್ದಾಡಿ, ಎದ್ದ. ಬಾಯ್ಲರ್ ಹೋಳುಗಳನ್ನು ಹೊರಗೆ ನಿಂತಿದ್ದ ಗುಜರಿ ಗಾಡಿಗೆ ಎಸೆದ. ಗಾಡಿ ಹೊರಟುಹೋಯಿತು. ಸಂಜೆ ಅಳಿಯ ಮನೆಗೆ ಹೋಗಿ ಅಂಗಿ ಬಿಚ್ಚುತ್ತಾನೆ, ಮಗಳು ಬೆನ್ನು ನೋಡುತ್ತಾಳೆ, ಅಲ್ಲಿಗೆ ಮುಗಿಯಿತು ಎಂದು ಬಾಯ್ಲರನಿಗೆ ಗೊತ್ತಿತ್ತು. ಕ್ಷಮಿಸು ಅನ್ನಲು ನಾಲಗೆ ಏಳಲಿಲ್ಲ. ಥೂ, ಇದೂ ಒಂದು ಗಂಡಸುತನ!

ಮಾತು ಬಿಟ್ಟೇ ಕೆಲಸ ಶುರುವಾಯಿತು. ಅಳಿಯ ಎಂಜಿನ್ನಿಗೆ ಎಣ್ಣೆ ಸುರಿದ, ಕೂಗಲಿಲ್ಲ. ಅವನು ಪೈಪು ಬಿಗಿಯಲು ಆ ಕಡೆ ಹೋದಾಗ ಬಾಯ್ಲರ್ ಬಂದು ಮತ್ತೆ ಅಷ್ಟೇ ಎಣ್ಣೆ ಸುರಿದ, ಅವನೂ ಕೂಗಲಿಲ್ಲ. ಅಳತೆಯ ಕಡ್ಡಿ ಎಳೆದು ನೋಡಿದ್ದರೆ ಸಾಕಿತ್ತು. ಹೆಚ್ಚೋ ಕಡಿಮೆಯೋ ಆಗಿದ್ದರೆ ಬಾಯಿ ಬಿಟ್ಟು ಕೇಳಬೇಕಾಗುತ್ತದಲ್ಲ, ಅದಕ್ಕೇ ಇಬ್ಬರೂ ನೋಡಲಿಲ್ಲ.

ಎಂಜಿನ್ನು ಎದ್ದಿತು. ಸ್ವಲ್ಪ ಹೊತ್ತು ಸರಿಯಾಗೇ ಇತ್ತು. ಆಮೇಲೆ ನೀಲಿ ಹೊಗೆ ಉಗುಳಿ, ಯಾರೂ ಕೇಳದೆಯೇ ವೇಗ ಏರಿಸಿತು. ಬಾಯ್ಲರ್ ಕೀಲಿ ತಿರುಗಿಸಿದ, ಡೀಸೆಲ್ ನಿಲ್ಲಿಸಿದ. ವೇಗದ ಮುಳ್ಳು ಕೆಂಪು ಗೆರೆ ದಾಟಿ ಹೋಯಿತು. ಹೆಚ್ಚಾದ ಎಣ್ಣೆ ಟರ್ಬೊಗೆ ಹತ್ತಿತ್ತು. ಬ್ರೇಕಿನ ಪೈಪು ಹರಿದು ಕುದಿಯುವ ನೀರು ಬಾಗಿಲ ದಾರಿಗೆ ಅಡ್ಡವಾಗಿ ಚಿಮ್ಮಿತು. ಒಳಗೆ, ಎಂಜಿನ್ನಿಗೂ ಗೋಡೆಗೂ ನಡುವೆ ಅಳಿಯ ಸಿಕ್ಕಿಬಿದ್ದ. ಇನ್ನು ಸ್ವಲ್ಪ ಹೊತ್ತಿನಲ್ಲಿ ಎಂಜಿನ್ನು ಸಿಡಿದು ಕಬ್ಬಿಣದ ತುಂಡುಗಳು ಕೋಣೆ ತುಂಬ ಹಾರುತ್ತವೆ.

ಬಾಗಿಲ ಬಳಿ ನಿಂತಿದ್ದ ಬಾಯ್ಲರ್ ತಿರುಗಿ ಮೊಳೆಯತ್ತ ಕೈ ಚಾಚಿದ. ಬರೀ ಮೊಳೆ.

"ಮಾವಾ!" ಎಂದು ಅಳಿಯ ಅರಚಿದ.

ಬಾಯ್ಲರ್ ತನ್ನ ದಪ್ಪ ಅಂಗಿ ಕಿತ್ತು ತಲೆಯ ಮೇಲೆ ಎಳೆದುಕೊಂಡು ಕುದಿ ನೀರಿನಲ್ಲೇ ನುಗ್ಗಿದ. ಅದೇ ಅಂಗಿಯನ್ನು ಟರ್ಬೊದ ಬಾಯಿಗೆ ತುರುಕಿದ. ಎಂಜಿನ್ನು ಅದನ್ನು ಒಂದೇ ಸಲಕ್ಕೆ ನುಂಗಿ, ಚಿಂದಿ ಮಾಡಿ, ಮತ್ತೂ ಜೋರಾಗಿ ಊಳಿಟ್ಟಿತು. ಬೇರೇನೂ ಇರಲಿಲ್ಲ. ಬಲಗೈ ಮುಷ್ಟಿ ಕಟ್ಟಿ ಆ ಬಾಯಿಗೆ ಗುದ್ದಿದ. ಅದು ಮಣಿಕಟ್ಟಿನ ತನಕ ಎಳೆದುಕೊಂಡಿತು. ಒಳಗೆ ತಿರುಗುತ್ತಿದ್ದ ಚಕ್ರ ಬೆರಳುಗಳನ್ನು ಒಂದೊಂದಾಗಿ ಕಡಿಯಿತು. ಅವನು ಕಿರುಚಿದ, ಕೈ ಮಾತ್ರ ಹಿಂದಕ್ಕೆ ಎಳೆಯಲಿಲ್ಲ, ಭುಜ ಕೊಟ್ಟು ಒತ್ತಿದ. ಎಂಜಿನ್ನು ಎರಡು ಸಲ ಕೆಮ್ಮಿ, ಚೌಕಟ್ಟನ್ನೇ ಎತ್ತಿ ಕುಕ್ಕಿ, ಸತ್ತಿತು. ಅಳಿಯ ಬಂದು ಅವನನ್ನು ತಬ್ಬಿ ಹಿಡಿದ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮಣಿಕಟ್ಟಿನ ಮುಂದೆ ಏನೂ ಇರಲಿಲ್ಲ. ಮಂಚದ ಆ ಪಕ್ಕ ಮಗಳು ಗಂಡನ ಅಂಗಿ ಎತ್ತಿ ಬೆನ್ನು ನೋಡುತ್ತಿದ್ದಳು. ಹೆಗಲಿನಿಂದ ಸೊಂಟದ ತನಕ ಕಪ್ಪಗೆ ಬಾಸುಂಡೆ.

"ಇದೇನು?"

"ಪೈಪು ಬಡೀತು," ಎಂದ ಅಳಿಯ, ಮಾವನ ಕಡೆ ನೋಡದೆ.

ಬಾಯ್ಲರ್ ಸುಮ್ಮನಿದ್ದರೆ ಆಗುತ್ತಿತ್ತು. ಮಗಳು ಉಳಿಯುತ್ತಿದ್ದಳು. ಆದರೆ ಅವನು ಎಡ ಮೊಣಕೈ ಊರಿ ಎದ್ದು ಕೂತ.

"ಪೈಪಲ್ಲ ಮಗಳೇ. ನಾನೇ ಹೊಡ್ದಿದ್ದು, ಹಲಗೇಲಿ. ಆ ಹಲಗೆ ಇದ್ದಿದ್ರೆ ಈ ಕೈ ಇರ್ತಿತ್ತು."

ಮಗಳು ಎದ್ದು ಬಂದಳು. ಕೈ ಬೀಸಿ ಅಪ್ಪನ ಕೆನ್ನೆಗೆ ಬಾರಿಸಿದಳು. ಸದ್ದಿಗೆ ನರ್ಸು ಓಡಿ ಬಂದಳು. ಮಗಳು ಬಾಗಿಲ ತನಕ ಹೋದಳು, ಅಲ್ಲೇ ನಿಂತಳು, ಹಿಂದಿನಿಂದ ಅವಳ ಭುಜ ಕುಲುಕುವುದು ಕಾಣುತ್ತಿತ್ತು. ಬಾಯ್ಲರ್ ಕಣ್ಣು ಮುಚ್ಚಿಕೊಂಡ. ಹೋದಳು ಎಂದುಕೊಂಡ.

ತುಟಿಗೆ ಚಮಚದ ತಣ್ಣನೆಯ ಅಂಚು ತಾಗಿತು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು.

"ಎಡಗೈಲಿ ತಿನ್ನೋಕೆ ಬರುತ್ತಾ ನಿಂಗೆ? ಬರಲ್ಲ ತಾನೆ?" ಮಗಳು ಮೂಗು ಒರೆಸಿಕೊಳ್ಳುತ್ತ ಗದರಿದಳು. "ಬಾಯಿ ತೆಗಿ."